ವಾಡಿಯ ಹಳಿ, ನಿಜಾಮಿಯಾ ವೇಧಶಾಲೆ, ಜೋಡಿ ತಾರೆಗಳು

ಮುಂಬಯಿಯಿಂದ ಶಹಾಬಾದಿನ ಮೇಲೆ ಹಾದುಬಂದ ರೈಲುಹಳಿಯು ವಾಡಿಯಲ್ಲಿ ಕವಲೊಡೆದು, ಒಂದು ರಾಯಚೂರಿನತ್ತ ತಿರುಗಿದರೆ, 1874ರಲ್ಲಿ ತೆರೆದ ನಿಜಾಮನ ಹಳಿಯು ಚಿತ್ತಾಪುರ, ಮಳಖೇಡ, ಸೇಡಂಗಳನ್ನು ದಾಟಿ ಹೈದರಾಬಾದನ್ನು ಸೇರುತ್ತದೆ. ಈ ಸೀಮೆಯ ಪೂರ್ವವೃತ್ತವನ್ನು ಹೇಳುವವರು ಶಹಾಬಾದಿನ ಪರಸಿಯನ್ನೂ, ಸೇಡಂ ಚಿಂಚೋಳಿಗಳ ತೊಗರಿಯನ್ನೂ, ವಾಡಿಯ ಸಿಮೆಂಟನ್ನೂ ಮರೆಯುವುದಿಲ್ಲ; ಆದರೆ 1948ರವರೆಗೆ ಯಾವ ರಾಜ್ಯದ ಪ್ರಜೆಗಳಾಗಿ ನಮ್ಮ ಹಿರಿಯರು ಕಂದಾಯ ತೆತ್ತರೋ, ಆ ನಿಜಾಮನ ರಾಜ್ಯವು ದಶಕಗಳ ಕಾಲ ಪೋಷಿಸಿದ ನಕ್ಷತ್ರವಿದ್ಯೆಯನ್ನು ಮಾತ್ರ ಪರರ ಸೊತ್ತೆಂಬಂತೆ ಬಿಟ್ಟುಬಿಡುತ್ತಾರೆ. ಅದು ನಮ್ಮದೂ ಹೌದೆಂದು ನಾನು ದೃಢವಾಗಿ ನಂಬಿದ್ದೇನೆ.

ಈ ನೆಲಕ್ಕೆ ಆಕಾಶಗಣನೆಯು ಹೊಸತೇನಲ್ಲ. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದಾಗ, ಅಮೋಘವರ್ಷ ನೃಪತುಂಗನನ್ನು ಗ್ರಂಥಾರಂಭದಲ್ಲಿ ಸ್ತುತಿಸಿದ ಮಹಾವೀರಾಚಾರ್ಯನು, ಗ್ರಹಗತಿಗೂ ಗ್ರಹಣಕ್ಕೂ ಗಣಿತವೇ ಆಧಾರವೆಂಬುದನ್ನು ತನ್ನ ಗಣಿತಸಾರಸಂಗ್ರಹದಲ್ಲಿ ಸಾರಿದನು. ಅದೇ ಅರಸನ ಕಾಲದ ಸಿರೂರಿನ ಶಾಸನವು ಶಕ 788ರ ಜ್ಯೇಷ್ಠದ ಅಮಾವಾಸ್ಯೆಯನ್ನು ಸೂರ್ಯಗ್ರಹಣಸಹಿತ ಹೆಸರಿಸುತ್ತದೆ.

ಸಾವಿರ ವರ್ಷಗಳ ಬಳಿಕ, 1901ರಲ್ಲಿ, ಹೈದರಾಬಾದಿನ ಶ್ರೀಮಂತ ನವಾಬ ಜಫರ್ ಜಂಗನು ಇಂಗ್ಲೆಂಡಿನಿಂದ ದೂರದರ್ಶಕವನ್ನು ತರಿಸಿ, ಆರನೆಯ ನಿಜಾಮ ಮೆಹಬೂಬ್ ಅಲಿ ಖಾನನ ಅನುಮತಿಯಿಂದ ತನ್ನ ವೇಧಶಾಲೆಗೆ ನಿಜಾಮಿಯಾ ಎಂಬ ಹೆಸರನ್ನಿಟ್ಟನು. ಅವನ ಮರಣಾನಂತರ 1908ರಲ್ಲಿ ಸರಕಾರವೂ, 1919ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಅದನ್ನು ವಹಿಸಿಕೊಂಡವು. ಜಗತ್ತಿನ ವೇಧಶಾಲೆಗಳು ಆಕಾಶವನ್ನು ಹೋಳುಮಾಡಿಕೊಂಡು ನಕ್ಷತ್ರಗಳ ನಕ್ಷೆ ಬರೆಯಲು ಕೈಹಾಕಿದ್ದ ಕಾರ್ಯದಲ್ಲಿ, ಖಗೋಳದ ವಿಷುವದ್ವೃತ್ತಕ್ಕೆ ದಕ್ಷಿಣದ 17ರಿಂದ 23 ಅಂಶಗಳ ಪಟ್ಟಿಯು ಹೈದರಾಬಾದಿನ ಪಾಲಿಗೆ ಬಂದಿತು. ವೇಧಶಾಲೆಯ ನಿರ್ದೇಶಕ ಚಾಟ್‌ವುಡ್ ಆರಂಭಿಸಿದುದನ್ನು ಅವನ ನಂತರ ಬಂದ ಪೊಕಾಕ್ ಮುಂದುವರಿಸಿದನು; ಅವನು ಗತಿಸಿದ ಮೇಲೆ ಟಿ. ಪಿ. ಭಾಸ್ಕರನ್ ನಿರ್ವಹಿಸಿದರು. ಗಾಜಿನ ಫಲಕದ ಮೇಲೆ 5 ಮಿಲಿಮೀಟರಿಗೊಂದರಂತೆ ಅಡ್ಡಗೆರೆ ಉದ್ದಗೆರೆಗಳ ಚೌಕಜಾಲ. ಆ ಚೌಕಗಳ ನಡುವೆ ಸಾಸಿವೆಗಿಂತಲೂ ಸಣ್ಣ ಕಪ್ಪು ಚುಕ್ಕೆಗಳಾಗಿ ಮೂಡಿದ ತಾರೆಗಳು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಂದೊಂದು ಚುಕ್ಕೆಯೂ ಗೆರೆಯಿಂದೆಷ್ಟು ದೂರವೆಂದು ಅಳೆದು ಬರೆದಿಡುವ ಕೆಲಸ. ಕೀರ್ತಿಯನ್ನು ತರದ ಈ ದುಡಿಮೆಗಿಂತ ಘನವಾದುದು ಆ ರಾಜ್ಯದ ವಿದ್ಯಾಚರಿತ್ರೆಯಲ್ಲಿ ನನಗೆ ಬೇರೊಂದು ತೋರದು.

ತಾರೆಯ ಸ್ಥಾನವನ್ನು ಇಷ್ಟು ಸೂಕ್ಷ್ಮವಾಗಿ ಅಳೆಯುವುದರಿಂದ ಏನು ಫಲವೆಂದರೆ, ಶ್ವೇತಕುಬ್ಜವೆಂಬ ಬಗೆಯ ತಾರೆಯೊಂದರ ಸುಳಿವು ಲೋಕಕ್ಕೆ ಸಿಕ್ಕಿದ್ದು ಅಂತಹ ಅಳತೆಯಿಂದ. ಲುಬ್ಧಕ ನಕ್ಷತ್ರವು ನೇರವಾಗಿ ಸಾಗದೆ ಬಳುಕುತ್ತಿರುವುದನ್ನು ಗಮನಿಸಿದ ಖಗೋಳಜ್ಞ ಬೆಸೆಲನು, ಅದಕ್ಕೆ ಕಾಣದ ಸಂಗಾತಿಯೊಂದಿರಬೇಕೆಂದು 1844ರಲ್ಲಿ ಊಹಿಸಿದನು. 1862ರಲ್ಲಿ ಕ್ಲಾರ್ಕನ ದೂರದರ್ಶಕಕ್ಕೆ ಅದು ಗೋಚರಿಸಿತು. ಗಾತ್ರದಲ್ಲಿ ಭೂಮಿಯಷ್ಟಿದ್ದು ದ್ರವ್ಯದಲ್ಲಿ ಸೂರ್ಯನಿಗೆ ಸಮನಾದ ಆ ತಾರೆಯನ್ನು ತೂಗಲು ಸಾಧ್ಯವಾದದ್ದು, ಅದಕ್ಕೊಂದು ಜೊತೆಯಿದ್ದುದರಿಂದಲೇ. ಇಂತಹ ತಾರೆಯ ದ್ರವ್ಯವು ಸೂರ್ಯನ ಸುಮಾರು 1.4 ಪಟ್ಟನ್ನು ಮೀರಲಾರದೆಂಬ ಮೇರೆಯನ್ನು 1930ರ ಸುಮಾರಿಗೆ ಗಣಿಸಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್.

ನಿಜಾಮಿಯಾದಲ್ಲಿ ಕೆಲಸದಲ್ಲಿದ್ದವರೊಬ್ಬರ ಮಗ ವೈನು ಬಾಪು, ಬಾಲ್ಯದಲ್ಲಿ ಅಲ್ಲಿಯೇ ತಾರೆಗಳನ್ನು ನೋಡಲು ಕಲಿತು, ಮುಂದೆ ಕೊಡೈಕನಾಲಿನ ವೇಧಶಾಲೆಯ ನಿರ್ದೇಶಕರಾಗಿ, ಕಾವಲೂರಿನ ವೇಧಶಾಲೆಯನ್ನು ಕಟ್ಟಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಅಡಿಗಲ್ಲಾದರು. ಹೈದರಾಬಾದಿನಲ್ಲುಳಿದವರೂ ಸುಮ್ಮನಿರಲಿಲ್ಲ, ರಂಗಾಪುರದಲ್ಲಿ 1968ರಲ್ಲಿ ನೆಲೆಗೊಂಡ 48 ಅಂಗುಲದ ದೂರದರ್ಶಕದಿಂದ ಕೆ. ಡಿ. ಅಭ್ಯಂಕರರ ಬಳಗವು, ಒಂದನ್ನೊಂದು ಮರೆಮಾಡುವ ಜೋಡಿ ತಾರೆಗಳನ್ನು ಅಭ್ಯಸಿಸಿತು. 1985ರಲ್ಲಿ ಆರ್‌ಎಸ್ ಒಫಿಯುಕಿ ಎಂಬ ಜೋಡಿಯು ಭುಗಿಲೆದ್ದಾಗ, ಅದರ ವರ್ಣಪಟಲವನ್ನು ಕಾವಲೂರಿನಿಂದ ಅಭ್ಯಸಿಸಿದವರು ಭಾರತೀಯ ಖಭೌತ ಸಂಸ್ಥೆಯ ಜಿ. ಸಿ. ಅನುಪಮಾ ಮತ್ತು ಟಿ. ಪಿ. ಪ್ರಭು. ಈ ಜೋಡಿಯಲ್ಲಿ ಕೆಂಪು ದೈತ್ಯತಾರೆಯ ಅನಿಲವು ಶ್ವೇತಕುಬ್ಜದ ಮೇಲೆ ಬಿದ್ದು ಬಿದ್ದು ಶೇಖರವಾಗಿ, ಒತ್ತಡವೂ ತಾಪವೂ ಮಿತಿಮುಟ್ಟಿದಾಗ ಮೇಲ್ಪದರವು ಸ್ಫೋಟಿಸುತ್ತದೆ. ತಾರೆ ಮಾತ್ರ ಉಳಿದು, ಮತ್ತೆ ಅನಿಲವನ್ನು ಕೂಡಿಹಾಕತೊಡಗುತ್ತದೆ. ಮರುಕಳಿಸುವ ನೋವಾಗಳೆಂಬ ಇಂತಹ ಸ್ಫೋಟಗಳ ಅಧ್ಯಯನವನ್ನು ಅನುಪಮಾ ದಶಕಗಳ ಕಾಲ ನಡೆಸಿದರು. ಅದೇ ಸಂಸ್ಥೆಯ ಅನ್ನಪೂರ್ಣಿ ಸುಬ್ರಮಣಿಯಂ ಅವರ ತಂಡವು, 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕದಿಂದ, ಕರ್ಕ ರಾಶಿಯ ಎಂ 67 ಗುಚ್ಛದ ತಾರೆಯೊಂದರ ಮಗ್ಗುಲಲ್ಲಿ ಅಡಗಿದ್ದ ಶ್ವೇತಕುಬ್ಜವನ್ನು ಪತ್ತೆಹಚ್ಚಿತು.

ಹೀಗೆ ಮರುಮರಳಿ ಸ್ಫೋಟಿಸುವ, ಭುಗಿಲೆದ್ದಾಗ ಬರಿಗಣ್ಣಿಗೂ ಎಟಕುವ ಇನ್ನೊಂದು ಜೋಡಿಯೂ ಉಂಟು. ಸ್ವಾತಿಗೆ ಪೂರ್ವದಲ್ಲಿ ಅರ್ಧವರ್ತುಲವಾಗಿ ತೋರುವ ಉತ್ತರ ಕಿರೀಟ ಪುಂಜದ ಅಂಚಿನಲ್ಲಿ, ದೂರದರ್ಶಕವಿಲ್ಲದೆ ಕಾಣದಷ್ಟು ಮಂದವಾದ ಟಿ ಕೊರೊನೆ ಬೊರಿಯಾಲಿಸ್, 1866ರಲ್ಲಿಯೂ 1946ರಲ್ಲಿಯೂ ಧ್ರುವತಾರೆಯ ಸರಿಸಮಕ್ಕೆ ಬೆಳಗಿತು. ಅದರ ಮರುಸ್ಫೋಟದ ಕಾಲವು ಸಮೀಪಿಸಿದೆಯೆಂಬುದು ಖಗೋಳಜ್ಞರ ಗಣನೆ. ವೈಶಾಖ ಜ್ಯೇಷ್ಠಗಳ ರಾತ್ರಿಗಳಲ್ಲಿ ಈ ಪುಂಜವು ಸೇಡಂ ಚಿಂಚೋಳಿಗಳ ನೆತ್ತಿಯಿಂದ ತುಸುವೇ ಉತ್ತರಕ್ಕೆ ಹಾದುಹೋಗುವುದರಿಂದ, ಸೆಕೆಗೆ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗುವವರು ಅದನ್ನು ಈಗಲೇ ಗುರುತಿಟ್ಟುಕೊಳ್ಳಬಹುದು.