ಚೌಲ್: ಮಳಖೇಡ, ಬೀದರಗಳ ಕಡಲ ಬಾಗಿಲು

ಮುಂಬಯಿ ಕನ್ನಡಿಗರ ಚರಿತ್ರೆ ಎಂದೊಡನೆ ನಾವು ಹೋಟೆಲು, ಗಿರಣಿ, ರಾತ್ರಿ ಶಾಲೆಗಳ ಕಾಲದಿಂದ ಲೆಕ್ಕ ಹಿಡಿಯುವುದು ರೂಢಿ. ಆದರೆ ಈ ಕರಾವಳಿಗೂ ಕನ್ನಡ ನಾಡಿಗೂ ಇರುವ ನಂಟು ಸಾವಿರ ವರ್ಷಕ್ಕೂ ಹಳೆಯದು. ಅದರ ಗುರುತುಗಳನ್ನು ಕಾಣಬೇಕೆನ್ನುವವರು ಒಂದು ಭಾನುವಾರ ಮುಂಜಾನೆ ವಾಶಿಯಿಂದ ಹೊರಟು, ಪನವೇಲ್, ಪೇಣ್, ಅಲಿಬಾಗ್ ಮಾರ್ಗವಾಗಿ ಚೌಲ್ ಮತ್ತು ರೇವದಂಡಾಗಳನ್ನು ನೋಡಿಕೊಂಡು ರಾತ್ರಿ ಊಟಕ್ಕೆ ಮನೆ ಸೇರಬಹುದು. ದಾರಿ ಸುಮಾರು 100 ಕಿಲೋಮೀಟರ್.

ಇಂದಿನ ಚೌಲ್ ತೆಂಗು, ಅಡಿಕೆ ತೋಟಗಳ ನಡುವಿನ ಸಣ್ಣ ಊರು. ರಾಮೇಶ್ವರ ದೇವಾಲಯ, ಅದರ ಮುಂದಿನ ಪುಷ್ಕರಿಣಿ, ಹೆಂಚಿನ ಮನೆಗಳು, ಇವನ್ನು ಕಂಡಾಗ ದಕ್ಷಿಣ ಕನ್ನಡದವರಿಗೆ ತಮ್ಮ ಊರೇ ನೆನಪಾದೀತು. ಗ್ರೀಕರು ಸಿಮಿಲ್ಲ ಎಂದೂ ಅರಬರು ಸೈಮೂರ್ ಎಂದೂ ಕರೆದ ಪ್ರಸಿದ್ಧ ಬಂದರು ಇದೇ.

ಹಿಜರಿ 304ರಲ್ಲಿ, ಅಂದರೆ ಕ್ರಿ.ಶ. 916ರ ಸುಮಾರಿಗೆ, ಬಾಗ್ದಾದಿನ ಅಲ್-ಮಸೂದಿ ಇಲ್ಲಿಗೆ ಬಂದಿದ್ದನು. ಸಿರಾಫ್, ಒಮಾನ್, ಬಸ್ರಾ, ಬಾಗ್ದಾದುಗಳಿಂದ ಬಂದು ನೆಲೆಸಿದವರೂ ಅವರ ಸಂತತಿಯೂ ಸೇರಿ ಸುಮಾರು 10,000 ಮುಸಲ್ಮಾನರು ಇಲ್ಲಿದ್ದರೆಂದು ಆತ ಬರೆದಿದ್ದಾನೆ. ಊರನ್ನು ಆಳುತ್ತಿದ್ದವನು ಶಿಲಾಹಾರ ಝಂಝ. ಅವನ ಮೇಲಿನ ಸಾರ್ವಭೌಮನನ್ನು ಅರಬರು 'ಬಲ್ಹರಾ' ಎನ್ನುತ್ತಿದ್ದರು. ಇದು 'ವಲ್ಲಭರಾಜ' ಎಂಬುದರ ಅರಬ್ಬೀ ರೂಪ. ಆಗ ಮಾನ್ಯಖೇಟದಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ರಾಷ್ಟ್ರಕೂಟ ಮೂರನೆಯ ಇಂದ್ರನು ರಾಜ್ಯವಾಳುತ್ತಿದ್ದನು.

ಮಸೂದಿ ಇನ್ನೂ ಒಂದು ಮಾತು ಹೇಳಿದ್ದಾನೆ. ರಾಜಧಾನಿಯಲ್ಲಿ ಆಡುವ ಭಾಷೆ 'ಕಿರಿಯಾ'. ಸೈಮೂರ್, ಸೋಪಾರ, ಠಾಣೆಗಳಲ್ಲಿ ಆಡುವುದು 'ಲಾರಿಯಾ'. ಕಿರಿಯಾ ಎಂದರೆ ಕನ್ನಡವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಂದರೆ ಅಧಿಕಾರ ನಮ್ಮದಿದ್ದರೂ ಕರಾವಳಿಯ ನುಡಿ ಬೇರೆಯೇ ಆಗಿತ್ತು. ಇದನ್ನು ನಾವು ಮರೆಯಬಾರದು.

ಐದೂವರೆ ಶತಮಾನಗಳ ನಂತರ, 1470ರ ಆಸುಪಾಸಿನಲ್ಲಿ, ರಷ್ಯದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಇದೇ ಚೌಲಿನಲ್ಲಿ ಹಡಗಿನಿಂದ ಇಳಿದನು. ಜೊತೆಗೆ ಮಾರಾಟಕ್ಕೆ ತಂದ ಒಂದು ಕುದುರೆ. ದಖ್ಖನಿನ ಸೈನ್ಯಗಳಿಗೆ ಒಳ್ಳೆಯ ಕುದುರೆಗಳು ಕಡಲಾಚೆಯಿಂದಲೇ ಬರಬೇಕಾಗಿದ್ದ ಕಾಲವದು. ಜುನ್ನರಿನಲ್ಲಿ ಅಲ್ಲಿಯ ಖಾನನು ಕುದುರೆಯನ್ನು ಕಿತ್ತುಕೊಂಡು, ಮತಾಂತರವಾದರೆ ಮಾತ್ರ ಕೊಡುವೆನೆಂದನು. ಖೊರಾಸಾನಿನ ಒಬ್ಬ ಗೃಹಸ್ಥನ ನೆರವಿನಿಂದ ಅದನ್ನು ಮರಳಿ ಪಡೆದು, ಕೊನೆಗೆ ಬಹಮನಿ ರಾಜಧಾನಿ ಬೀದರಿನಲ್ಲಿ ಮಾರಿದನು. ಅದು ಮಹಮೂದ್ ಗವಾನನು ಮಂತ್ರಿಯಾಗಿದ್ದ ಕಾಲ. ನಿಕಿತಿನ್‌ನ ನೆನಪಿಗೆ ರೇವದಂಡಾದಲ್ಲಿ ಒಂದು ಸ್ಮಾರಕಸ್ತಂಭವಿದೆ.

ರೇವದಂಡಾದ ಕೋಟೆ ಪೋರ್ಚುಗೀಸರದು. 1521ರಲ್ಲಿ ಅಹಮದನಗರದ ನಿಜಾಮಶಾಹನ ಅನುಮತಿ ಪಡೆದು ಅವರು ಕಟ್ಟಲಾರಂಭಿಸಿದರು. 1570-71ರಲ್ಲಿ ಅದೇ ಮನೆತನದ ಸುಲ್ತಾನನು ಚೌಲನ್ನು, ವಿಜಾಪುರದ ಆದಿಲಶಾಹನು ಗೋವೆಯನ್ನು ಏಕಕಾಲಕ್ಕೆ ಮುತ್ತಿದರೂ ಎರಡೂ ಕೈವಶವಾಗಲಿಲ್ಲ. 1740ರಲ್ಲಿ ಕೋಟೆ ಮರಾಠರ ಪಾಲಾಯಿತು. ಮುಂದೆ ಮುಂಬಯಿ ಬೆಳೆಯಿತು, ಚೌಲ್ ಹಳ್ಳಿಯಾಯಿತು.

ಇಷ್ಟಕ್ಕೇ ಹಿಂತಿರುಗಬೇಡಿ. ಕುಂಡಲಿಕಾ ನದಿಯನ್ನು ದಾಟಿ ಕೋರ್ಲಾಯಿ ಎಂಬ ಊರಿಗೆ ಹೋಗಿ. ಪೋರ್ಚುಗೀಸರು ಬಿಟ್ಟುಹೋಗಿ ಇನ್ನೂರ ಎಂಬತ್ತಕ್ಕೂ ಹೆಚ್ಚು ವರ್ಷಗಳಾದರೂ ಅಲ್ಲಿಯ ಕೆಲವು ನೂರು ಕ್ರೈಸ್ತರು ಪೋರ್ಚುಗೀಸ್ ಮೂಲದ ಮಿಶ್ರಭಾಷೆಯೊಂದನ್ನು ಮನೆಯಲ್ಲಿ ಆಡುತ್ತಾರೆ. ತಮ್ಮ ಆ ಮಾತಿಗೆ ಅವರು 'ನೋ ಲಿಂಗ್', ಅಂದರೆ 'ನಮ್ಮ ನುಡಿ' ಎನ್ನುತ್ತಾರೆ. ಸುತ್ತಲಿನ ಮರಾಠಿಯೂ ಅವರಿಗೆ ಬರುತ್ತದೆ. ಒಂದು ಇನ್ನೊಂದಕ್ಕೆ ಅಡ್ಡಿಯಾಗಿಲ್ಲ.

ಬಲ್ಹರಾನ ಸಾಮ್ರಾಜ್ಯ ಚೌಲಿನ ಮನೆಗಳಲ್ಲಿ ಕನ್ನಡವನ್ನು ನೆಲೆಗೊಳಿಸಲಿಲ್ಲ. ಕೋರ್ಲಾಯಿಯ ತಾಯಂದಿರಾದರೋ ಸೈನ್ಯ, ಸರಕಾರಗಳ ಬೆಂಬಲವಿಲ್ಲದೆಯೇ ತಮ್ಮ ನುಡಿಯನ್ನು ಮಕ್ಕಳಿಗೆ ದಾಟಿಸಿದರು. ಹೊರನಾಡ ಕನ್ನಡಿಗರಾದ ನಮಗೆ ಈ ಪಾಠ ಬೇಕಾದದ್ದು. ವರ್ಷಕ್ಕೊಮ್ಮೆ ರಾಜ್ಯೋತ್ಸವದಲ್ಲಿ ಅಮೋಘವರ್ಷನ ಹೆಸರು ಹೇಳಿದರೆ ಸಾಲದು; ದಿನವೂ ಊಟದ ಹೊತ್ತಿಗೆ ಮಕ್ಕಳೊಡನೆ ಕನ್ನಡದಲ್ಲಿ ಮಾತಾಡಬೇಕು. ಆ ಮಾತನ್ನು ಚೌಲಿನ ದಾರಿಯಲ್ಲೇ ಶುರುಮಾಡಬಹುದು. ಹೋಗಿಬರಲು ಹೇಗೂ ಆರೇಳು ಗಂಟೆ ಹಿಡಿಯುತ್ತದೆ.