ಇಮೇಲ್ ಕಪ್ಪುಪಟ್ಟಿಗಳು ನಡೆದುಬಂದ ದಾರಿ

ಸ್ಪ್ಯಾಮ್ ಕಳಿಸುವ ಐಪಿ ವಿಳಾಸಗಳನ್ನು ಪಟ್ಟಿಮಾಡಿ ಹಂಚುವ ಪದ್ಧತಿ 1997ರಲ್ಲಿ ಪಾಲ್ ವಿಕ್ಸಿ ಅವರ ಆರ್‌ಬಿಎಲ್ ಎಂಬ ಪಟ್ಟಿಯಿಂದ ಬಳಕೆಗೆ ಬಂತು. ಭಾರತದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಒದಗಿಸಿ ಆಗ ಎರಡು ವರ್ಷವಾಗಿತ್ತಷ್ಟೆ. 1998ರಲ್ಲಿ ಇಂಥ ಪಟ್ಟಿಗಳನ್ನು ನಡೆಸುವ ಸ್ಪ್ಯಾಮ್‌ಹೌಸ್ ಸಂಸ್ಥೆ ಹುಟ್ಟಿತು.

ಪಟ್ಟಿಗಳು ಹೆಚ್ಚಿದಂತೆ ಅವುಗಳ ದೋಷಗಳೂ ಕಂಡವು. 2003ರ ಆಗಸ್ಟ್‌ನಲ್ಲಿ ಮುಚ್ಚುವ ಹೊತ್ತಿಗೆ ಒಸಿರುಸಾಫ್ಟ್ ಪಟ್ಟಿ ಜಗತ್ತಿನ ಎಲ್ಲ ವಿಳಾಸಗಳನ್ನೂ ತಪ್ಪಿತಸ್ಥ ಎಂದಿತು. 2006ರಲ್ಲಿ ನಿಂತ ಒಆರ್‌ಡಿಬಿ ಪಟ್ಟಿಯೂ 2008ರಲ್ಲಿ ಹೀಗೆಯೇ ಉತ್ತರಿಸತೊಡಗಿತು. ಅದನ್ನು ಸಂರಚನೆಯಿಂದ ತೆಗೆಯದ ಸರ್ವರ್‌ಗಳು ಸಾಚಾ ಪತ್ರಗಳನ್ನೂ ತಿರಸ್ಕರಿಸಿದವು. ಸಾರ್ಬ್ಸ್ ಎಂಬ ಇನ್ನೊಂದು ಪಟ್ಟಿ 2024ರಲ್ಲಿ ಮುಚ್ಚಿತು.

ಪಟ್ಟಿಗಳಿಂದ ಇನ್ನೊಂದು ತೊಂದರೆಯೂ ಇದೆ: ಮೈಸೂರು ಜಿಲ್ಲೆಯ ಹೆಮ್ಮಿಗೆಯಂಥ ಊರಿನಲ್ಲಿ ಒಂದೇ ಐಪಿ ವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿದ್ದರೆ, ವೈರಸ್ ತಗುಲಿದ ಒಂದು ಕಂಪ್ಯೂಟರ್‌ನ ಕಳಂಕ ಎಲ್ಲರಿಗೂ ಅಂಟುತ್ತದೆ. ಪಟ್ಟಿಯಿಂದ ಹೆಸರು ತೆಗೆಸುವ ಹೊಣೆ ಸಂಪರ್ಕ ಒದಗಿಸುವವರ ಮೇಲೆ ಬೀಳುತ್ತದೆ.

2012ರ ಆರ್‌ಎಫ್‌ಸಿ 6471 ಎಂಬ ಇಂಟರ್ನೆಟ್ ದಾಖಲೆ ಪಟ್ಟಿ ನಡೆಸುವವರಿಗೆ ನಿಯಮಗಳನ್ನು ಸೂಚಿಸಿತು: ಸೇರಿಸುವ, ತೆಗೆಯುವ ಮಾನದಂಡ ಬಹಿರಂಗವಾಗಿರಬೇಕು, 127.0.0.2 ಎಂಬ ಪರೀಕ್ಷಾ ವಿಳಾಸ ಪಟ್ಟಿಯಲ್ಲಿರಬೇಕು, 127.0.0.1 ಇರಬಾರದು. ಸರ್ವರ್ ನಿರ್ವಾಹಕರು ಈ ಎರಡನ್ನು ಆಗಾಗ ಪರೀಕ್ಷಿಸಬೇಕು. ಒಂದೇ ಪಟ್ಟಿಯ ಮಾತಿಗೆ ಪತ್ರ ತಿರಸ್ಕರಿಸದೆ, ಹಲವು ಪಟ್ಟಿಗಳ ಅಂಕ ಕೂಡಿಸಿ ನಿರ್ಧರಿಸುವುದೇ ಸುರಕ್ಷಿತ ಕ್ರಮ.