ಕೆರೆ ಹೋದ ಮೇಲೆ ಉಳಿದ ಮರಳು

ಕೆಲವು ವರ್ಷಗಳ ಹಿಂದೆ ಅಪ್ಪ ಅಮ್ಮ ಇಲ್ಲಿಗೆ ಬಂದಿದ್ದಾಗ, ಎಲ್ಲರೂ ಮಾಡುವ ಹಾಗೆ ನಾನೂ ಅವರನ್ನು ವಿಸ್ಕಾನ್ಸಿನ್ ಡೆಲ್ಸ್ ನೋಡಲು ಕರೆದುಕೊಂಡು ಹೋಗಿದ್ದೆ. ದೋಣಿಯಲ್ಲಿ ಕೂತು ಕಲ್ಲಿನ ಕಮರಿ ನೋಡಿದ್ದಾಯಿತು, ಫೋಟೋ ತೆಗೆದಿದ್ದಾಯಿತು. ಅಲ್ಲಿಂದ ಹೆದ್ದಾರಿ ಬಿಟ್ಟು 13ನೇ ನಂಬರಿನ ರಸ್ತೆ ಹಿಡಿದು ಉತ್ತರಕ್ಕೆ ಹೊರಟೆವು. ಎರಡೂ ಕಡೆ ತಟ್ಟೆಯಂಥ ನೆಲ, ಕುರುಚಲು ಪೈನ್ ಮರಗಳು. ಮುಂದೆ ಪ್ಲೇನ್‌ಫೀಲ್ಡ್ ಕಡೆ ತಿರುಗಿದಾಗ ಕಣ್ಣು ಹಾಯುವಷ್ಟು ದೂರ ಆಲೂಗಡ್ಡೆ ಹೊಲ. ಅಪ್ಪ ಹಾಸನದ ಕಡೆಯ ರೈತರು, ಮೂವತ್ತು ವರ್ಷ ಆಲೂಗಡ್ಡೆ ಬೆಳೆದವರು. "ಗಾಡಿ ನಿಲ್ಲಿಸೋ" ಅಂದರು. ಇಳಿದು ರಸ್ತೆ ಅಂಚಿನ ಮಣ್ಣು ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿ ಬಿಟ್ಟರು. ಉಂಡೆ ಆಗಲಿಲ್ಲ, ಬೆರಳ ಸಂದಿಯಿಂದ ಸೋರಿ ಹೋಯಿತು.

"ಇದು ಮಣ್ಣಲ್ಲ ಕಣೋ, ಮನೆ ಕಟ್ಟೋ ಮರಳು. ಇದರಲ್ಲಿ ಅದೆಂಗೆ ಗಡ್ಡೆ ಕಟ್ತಾರೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದುತ್ತಾ ಹೋದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ :)

ನಾವು ನಿಂತಿದ್ದ ಜಾಗ ಮತ್ತು ಅಲ್ಲಿಂದ ಪಶ್ಚಿಮಕ್ಕೆ ಹರಡಿರುವ ಬಯಲಿನ ಕಥೆ ಶುರುವಾಗುವುದು ಕೊನೆಯ ಹಿಮಯುಗದಲ್ಲಿ. ಆಗ ಈಶಾನ್ಯದಿಂದ ಹಿಮದ ಒಂದು ದೊಡ್ಡ ನಾಲಿಗೆ ಚಾಚಿಕೊಂಡು ಬಂತು. ಅದನ್ನು ಗ್ರೀನ್ ಬೇ ನಾಲಿಗೆ ಅನ್ನುತ್ತಾರೆ. ಅದು ಬ್ಯಾರಬೂ ಗುಡ್ಡಗಳ ಪೂರ್ವದ ತುದಿಗೆ ಬಂದು ಒತ್ತಿಕೊಂಡಾಗ ವಿಸ್ಕಾನ್ಸಿನ್ ನದಿಗೆ ದಾರಿ ಕಟ್ಟಿಹೋಯಿತು. ಹಿಮವೇ ಅಣೆಕಟ್ಟು! ಹಿಂದೆ ನೀರು ನಿಂತು ಸುಮಾರು 1,800 ಚದರ ಮೈಲಿಯ ಕೆರೆಯಾಯಿತು. ನಮ್ಮ ಹಾಸನ ಜಿಲ್ಲೆಯ ಮೂರರಲ್ಲಿ ಎರಡು ಭಾಗ ಅಂದುಕೊಳ್ಳಿ. ಕೆಲವು ಕಡೆ 150 ಅಡಿಯಷ್ಟು ಆಳ. ನಾವು ದಾರಿಯಲ್ಲಿ ಕಂಡ ರೋಷ್-ಎ-ಕ್ರೀ ಎಂಬ ಒಂಟಿ ಕಲ್ಲುಗುಡ್ಡ ಆಗ ಆ ಕೆರೆಯ ನಡುವಿನ ದ್ವೀಪ.

ಕೆರೆಯ ಸುತ್ತ ಇದ್ದದ್ದು ಐವತ್ತು ಕೋಟಿ ವರ್ಷ ಹಳೆಯ ಮರಳುಕಲ್ಲು. ಅದು ಸವೆದು ಉದುರಿದ್ದು, ಹಿಮ ಕರಗಿದ ತೊರೆಗಳು ಹೊತ್ತು ತಂದದ್ದು, ಎಲ್ಲ ಕೆರೆಗೆ ಸೇರಿತು. ಹರಿಯುವ ನೀರು ನಿಂತ ನೀರಿಗೆ ಬಂದು ಸೇರಿದಾಗ ಭಾರವಾದ ಮರಳನ್ನು ಮೊದಲು ಇಳಿಸುತ್ತದೆ. ಜೇಡಿಯ ಸಣ್ಣ ಕಣಗಳು ತೇಲಿಕೊಂಡು ಹೋಗಿ ದೂರದಲ್ಲಿ, ನಿಶ್ಚಲ ನೀರಿನಲ್ಲಿ ನಿಧಾನವಾಗಿ ಕೂರುತ್ತವೆ. ನಮ್ಮ ಕೆರೆಗಳಲ್ಲೂ ಅಷ್ಟೇ ಅಲ್ಲವೇ? ಹಳ್ಳ ಬಂದು ಬೀಳುವ ಕಡೆ ಮರಳು, ಏರಿಯ ಹತ್ತಿರ ಗೋಡು. ಅಂದರೆ ನೀರೇ ಜರಡಿ ಹಿಡಿದಿತ್ತು.

ಕೊನೆಗೊಮ್ಮೆ, ಇವತ್ತಿಗೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ, ಹಿಮದ ಕಟ್ಟೆ ಒಡೆಯಿತು. ಕೆರೆಯ ನೀರು ಒಮ್ಮೆಲೇ ನುಗ್ಗಿ ಮರಳುಕಲ್ಲನ್ನು ಕೊರೆದುಕೊಂಡು ಹೋಯಿತು. ನಾವು ದುಡ್ಡು ಕೊಟ್ಟು ದೋಣಿಯಲ್ಲಿ ಕೂತು ನೋಡಿದ ಡೆಲ್ಸ್ ಕಮರಿ ಆ ಪ್ರವಾಹದ ಗಾಯ. ಹಿಂದೆ ಉಳಿದದ್ದು ಬೋಳು ಕೆರೆಯಂಗಳ. ಹುಲ್ಲು ಬೇರು ಬಿಡುವ ಮುಂಚೆ ಗಾಳಿ ಆ ಮರಳನ್ನು ಅಲ್ಲಲ್ಲಿ ದಿಬ್ಬ ಮಾಡಿತು. ಪೂರ್ವದ ಅಂಚಿನಲ್ಲಿ ಹಿಮದ ತೊರೆಗಳು ಹರಡಿದ್ದ ಮರಳೂ ಇದಕ್ಕೆ ಕೂಡಿಕೊಂಡು ಒಂದೇ ಬಯಲಾಯಿತು.

ಈಗ ಈ ಮಣ್ಣಿನ ಗುಣ ನೋಡೋಣ. ಪ್ಲೇನ್‌ಫೀಲ್ಡ್ ಊರಿನ ಹೆಸರನ್ನೇ ಹೊತ್ತ ಒಂದು ಮಣ್ಣಿನ ಜಾತಿ ಇದೆ. ಅದರಲ್ಲಿ ಬಹುಪಾಲು ಬರೀ ಸ್ಫಟಿಕ ಶಿಲೆಯ ಕಣ. ಮರಳಿನ ಕಣ ಅಂದರೆ 0.05 ಮಿಲಿಮೀಟರಿನಿಂದ 2 ಮಿಲಿಮೀಟರ್ ಗಾತ್ರದ್ದು. ಜೇಡಿಯ ಕಣ 0.002 ಮಿಲಿಮೀಟರಿಗಿಂತ ಸಣ್ಣದು. ನೀರನ್ನು, ಗೊಬ್ಬರವನ್ನು ಹಿಡಿದಿಟ್ಟುಕೊಳ್ಳುವುದು ಆ ಸಣ್ಣ ಕಣಗಳು ಮತ್ತು ಕೊಳೆತ ಎಲೆ ಬೇರುಗಳು. ಇಲ್ಲಿ ಎರಡೂ ಕಮ್ಮಿ. ಒಂದು ಅಡಿ ಆಳದ ಈ ಮರಳು ಗಿಡಕ್ಕೆಂದು ಉಳಿಸಿಕೊಳ್ಳುವುದು ಹೆಚ್ಚೆಂದರೆ ಒಂದು ಇಂಚು ನೀರು. ಒಳ್ಳೆಯ ಗೋಡುಮಣ್ಣು ಅದರ ಎರಡರಷ್ಟು ಹಿಡಿಯುತ್ತದೆ. ಆದ್ದರಿಂದ ವರ್ಷಕ್ಕೆ ಮೂವತ್ತು ಇಂಚು ಮಳೆ ಬೀಳುವ ಊರಿನಲ್ಲೂ ಬೇಸಿಗೆಯಲ್ಲಿ ಒಂದು ವಾರ ಮಳೆ ತಪ್ಪಿದರೆ ಪೈರು ಬಾಡುತ್ತದೆ. ಜೊತೆಗೆ ಹುಳಿ ಮಣ್ಣು, ಗಾಳಿಗೆ ಹಾರುವ ಮಣ್ಣು.

ಇನ್ನೊಂದು ವಿಚಿತ್ರ ಇದೆ. ಅದೇ ಬಯಲಿನ ತಗ್ಗಿನ ಭಾಗಗಳಲ್ಲಿ ನೆಲದ ನೀರು ಮೇಲಕ್ಕೇ ಇದೆ. ಅಲ್ಲಿ ಸಾವಿರಾರು ವರ್ಷ ಪಾಚಿ, ಜೊಂಡು ಬೆಳೆದು ಕೊಳೆತು ಜೌಗಾಗಿದೆ. ಅತಿ ಒಣ ಮಣ್ಣು, ಅತಿ ಒದ್ದೆ ಮಣ್ಣು ಎರಡೂ ಅಕ್ಕಪಕ್ಕ! ಹೋ-ಚಂಕ್ ಮತ್ತು ಮೆನಾಮಿನಿ ಜನ ಇದನ್ನು ಇದ್ದ ಹಾಗೇ ಬಳಸಿಕೊಂಡಿದ್ದರು. ಜೌಗಿನಲ್ಲಿ ಕ್ರ್ಯಾನ್‌ಬೆರಿ ಆಯ್ದರು, ಒಣ ನೆಲದಲ್ಲಿ ಬೇಟೆಯಾಡಿದರು. 1836ರಿಂದ 1848ರ ನಡುವಿನ ಒಪ್ಪಂದಗಳಲ್ಲಿ ಈ ನೆಲ ಅವರ ಕೈತಪ್ಪಿತು.

ಆಮೇಲೆ ಬಂದವರು ನೇಗಿಲು ಹೂಡಿದರು. ಇದರ ಪೂರ್ವಕ್ಕೆ, ಇಂಥದೇ ಹಿಮದ ಮರಳುನೆಲಕ್ಕೆ, 1849ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಒಂದು ಕುಟುಂಬದಲ್ಲಿ ಜಾನ್ ಮ್ಯೂರ್ ಎಂಬ ಹನ್ನೊಂದು ವರ್ಷದ ಹುಡುಗನಿದ್ದ. ಮುಂದೆ ಅಮೆರಿಕದ ಕಾಡು ಉಳಿಸಲು ಹೋರಾಡಿದ ಮ್ಯೂರ್ ಇವನೇ. ಮೊದಲ ವರ್ಷಗಳಲ್ಲಿ ಎಕರೆಗೆ 20-25 ಬುಶೆಲ್ ಬರುತ್ತಿದ್ದ ಗೋಧಿ ನಾಲ್ಕೈದು ವರ್ಷದಲ್ಲೇ ಐದಾರು ಬುಶೆಲ್‌ಗೆ ಇಳಿಯಿತು ಅಂತ ತನ್ನ ಬಾಲ್ಯದ ನೆನಪುಗಳಲ್ಲಿ ಬರೆದಿದ್ದಾನೆ. ಹುಲ್ಲಿನ ಬೇರು ಶತಮಾನಗಳಿಂದ ಕೂಡಿಟ್ಟ ಸಾರವನ್ನು ನಾಲ್ಕು ಬೆಳೆಯಲ್ಲಿ ತೆಗೆದದ್ದಾಯಿತು. ಮರಳಿನ ಹತ್ತಿರ ಎರಡನೇ ಗಂಟು ಇರಲಿಲ್ಲ.

ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಕಣ್ಣು ಜೌಗಿನ ಮೇಲೆ ಬಿತ್ತು. ಕಾಲುವೆ ತೋಡಿ ನೀರು ಹರಿಸಿಬಿಟ್ಟರೆ ಕಪ್ಪು ಮಣ್ಣು ಸಿಗುತ್ತದೆ ಅಂತ ಜನ ಸಾಲ ಮಾಡಿ ತೆರಿಗೆ ಕಟ್ಟಿದರು. ಬೇಸಿಗೆಯಲ್ಲೂ ರಾತ್ರಿ ಹೆಪ್ಪುಗಟ್ಟುವ ಇಬ್ಬನಿ ಪೈರನ್ನು ಸುಟ್ಟಿತು. ಒಣಗಿದ ಜೌಗಿಗೆ ಬೆಂಕಿ ಬಿದ್ದರೆ ನೆಲದೊಳಗೇ ಹೊಗೆಯಾಡುತ್ತಾ ತಿಂಗಳುಗಟ್ಟಲೆ ಉರಿಯಿತು. ಉರಿದ ಮೇಲೆ ಕೆಳಗೆ ಸಿಕ್ಕಿದ್ದು ಮತ್ತದೇ ಮರಳು. 1930ರ ದಶಕದ ಬರ ಮತ್ತು ಆರ್ಥಿಕ ಕುಸಿತಕ್ಕೆ ನೂರಾರು ಮನೆಗಳವರು ಊರು ಬಿಟ್ಟರು. ಸರ್ಕಾರವೇ ಜಮೀನು ಕೊಂಡು, ಕಾಲುವೆಗಳಿಗೆ ಅಡ್ಡಕಟ್ಟೆ ಹಾಕಿ ನೀರು ನಿಲ್ಲಿಸಿತು. 1939ರಲ್ಲಿ ನಸೀಡಾ ವನ್ಯಜೀವಿ ಧಾಮ ಆದದ್ದು ಹೀಗೆ.

ಈ ಮರಳುನಾಡಿನ ದಕ್ಷಿಣದ ಅಂಚಿನಲ್ಲಿ 1935ರಲ್ಲಿ ಆಲ್ಡೊ ಲಿಯೊಪೋಲ್ಡ್ ಎಂಬ ಪ್ರೊಫೆಸರ್ ಇಂಥದೇ ಒಂದು ಸೋತ ಜಮೀನು ಕೊಂಡರು. ಅಲ್ಲಿ ಉಳಿದಿದ್ದದ್ದು ಒಂದು ಕೋಳಿಮನೆ ಮಾತ್ರ. ಹೆಂಡತಿ ಮಕ್ಕಳ ಜೊತೆ ವಾರಕ್ಕೊಮ್ಮೆ ಬಂದು ಸಾವಿರಾರು ಪೈನ್ ಸಸಿ ನೆಟ್ಟರು. ಮೊದಲ ವರ್ಷಗಳಲ್ಲಿ ಬಹಳಷ್ಟು ಬರಕ್ಕೆ ಸತ್ತವು, ಮತ್ತೆ ನೆಟ್ಟರು. 1948ರಲ್ಲಿ ಪಕ್ಕದವರ ಜಮೀನಿನ ಬೆಂಕಿ ಆರಿಸಲು ಹೋಗಿ ಅಲ್ಲೇ ತೀರಿಕೊಂಡರು. ಮರುವರ್ಷ ಅವರ 'ಎ ಸ್ಯಾಂಡ್ ಕೌಂಟಿ ಆಲ್ಮನ್ಯಾಕ್' ಹೊರಬಂತು. ಆ ಹೆಸರಿನ ಕೌಂಟಿ ನಕ್ಷೆಯಲ್ಲಿ ಇಲ್ಲ, ಆ ಮರಳು ಮಾತ್ರ ಇದೆ.

ಹಾಗಾದರೆ ಅಪ್ಪನ ಪ್ರಶ್ನೆ? ಆಲೂಗಡ್ಡೆ ಬಂದದ್ದು ಹೇಗೆ?

ಕಟ್ಟೆ ಒಡೆದು ಕೆರೆ ಹೋದರೂ ಮರಳಿನ ಹೊಟ್ಟೆಯಲ್ಲಿ ನೀರು ಇತ್ತು. ಬಿದ್ದ ಮಳೆ ಹಿಡಿಯದೆ ಕೆಳಕ್ಕೆ ಬಿಟ್ಟ ಮಣ್ಣು ಇದೇ ತಾನೇ? ಫ್ರಾಂಕ್ ಜೈಬಾಕ್ ಎಂಬ ರೈತ 1952ರಲ್ಲಿ ಪೇಟೆಂಟ್ ಪಡೆದ, ನಡುವಿನ ಗೂಟದ ಸುತ್ತ ಗಡಿಯಾರದ ಮುಳ್ಳಿನಂತೆ ತಿರುಗುವ ನೀರಾವರಿ ಯಂತ್ರ ಇಲ್ಲಿಗೆ ಬಂದ ಮೇಲೆ ಲೆಕ್ಕ ತಿರುಗಿತು. ಸಡಿಲ ಮಣ್ಣು, ಕಲ್ಲಿಲ್ಲ, ವಸಂತದಲ್ಲಿ ಬೇಗ ಬಿಸಿಯಾಗುತ್ತದೆ, ಗಡ್ಡೆ ದುಂಡಗೆ ಶುಭ್ರವಾಗಿ ಬರುತ್ತದೆ. ನೀರು, ಗೊಬ್ಬರ ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಕೊಡುತ್ತಲೇ ಇರಬೇಕು ಅಷ್ಟೆ. ತಗ್ಗಿನ ಹುಳಿ ಜೌಗಿನಲ್ಲಿ ಕ್ರ್ಯಾನ್‌ಬೆರಿ. ಅಮೆರಿಕದ ಕ್ರ್ಯಾನ್‌ಬೆರಿಯಲ್ಲಿ ಅರ್ಧಕ್ಕಿಂತ ಹೆಚ್ಚು ವಿಸ್ಕಾನ್ಸಿನ್‌ನದು.

ಆದರೆ ಮರಳು ತನ್ನ ಗುಣ ಬಿಟ್ಟಿಲ್ಲ. ಮಳೆ ಜೋರಾದರೆ ಮೇಲೆ ಹಾಕಿದ ಸಾರಜನಕ ನೈಟ್ರೇಟ್ ಆಗಿ ಕೆಳಗಿನ ನೀರಿಗೆ ಇಳಿಯುತ್ತದೆ. ಸುತ್ತಲಿನ ಮನೆಗಳವರು ಕುಡಿಯುವುದೂ ಅದೇ ನೀರು. ಒಂದು ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್-ಸಾರಜನಕ ಇಲ್ಲಿನ ಮಿತಿ. ಅದನ್ನು ಮೀರಿದರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗುವ ಅಪಾಯ. ಈ ಬಯಲಿನ ಎಷ್ಟೋ ಬಾವಿಗಳು ಆ ಮಿತಿ ದಾಟಿವೆ. ಲಿಟ್ಲ್ ಪ್ಲೋವರ್ ಎಂಬ ಪುಟ್ಟ ಹೊಳೆ, ಟ್ರೌಟ್ ಮೀನಿಗೆ ಹೆಸರಾದದ್ದು, 2005ರಲ್ಲಿ ಅಲ್ಲಲ್ಲಿ ಪೂರ್ತಿ ಒಣಗಿತು. ಸುತ್ತ ಕೊಳವೆಬಾವಿಗಳು ನೆಲದ ನೀರು ಎತ್ತುತ್ತಿದ್ದವು. ಹೊಳೆಗೂ ಬಾವಿಗೂ ಇದ್ದದ್ದು ಒಂದೇ ನೀರು.

ಇದನ್ನೆಲ್ಲ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಗೋಧಿಯವರು, ಕಾಲುವೆಯವರು, ಯಂತ್ರದವರು ಎಲ್ಲರ ಕಥೆಯನ್ನೂ. ಸುಮ್ಮನೆ ಕೇಳಿಸಿಕೊಂಡರು. ನಮ್ಮ ತೋಟದಲ್ಲಿ ಕೊರೆಸಿದ ಮೂರು ಕೊಳವೆಬಾವಿಗಳಲ್ಲಿ ಎರಡು ಒಣಗಿವೆ, ಮೂರನೆಯದಕ್ಕೆ ಮಾಡಿದ ಸಾಲ ಇನ್ನೂ ತೀರಿಲ್ಲ.

"ಅಲ್ಲಿ ಮರಳು, ನೀರು ಕೆಳಕ್ಕೆ ಹೋಗೋದು ಕಾಣುತ್ತೆ" ಅಂದರು. "ನಮ್ಮದು ಕೆಂಪು ಮಣ್ಣು, ಕಾಣಲ್ಲ. ಅಷ್ಟೇ ವ್ಯತ್ಯಾಸ."

ಆಮೇಲೆ ಈ ಸಲ ಬಿತ್ತನೆ ಗಡ್ಡೆಯ ರೇಟು ಎಷ್ಟಾಗಿದೆ ಅಂತ ಮಾತು ತಿರುಗಿಸಿದರು.